ಬರಂಗಿಲ್ಲ ಅಂತಲ್ಲ

ಯೆರವಡಾ, ಪುಣೆ
೨ ಆಗಸ್ಟ್ ೨೦೨೫, ಶನಿವಾರ

ಚಿ. ಸೌ. ಸಪ್ನಾಗೆ,

ಅಪ್ಪನ ಆಶೀರ್ವಾದ. ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ. ತುಮಕೂರಿನಲ್ಲಿ ನೀನು, ಶಮಂತ, ನಿನ್ನ ಹೊಟ್ಟೆಯಲ್ಲಿ ಕೂತು ಒದೆಯುತ್ತಿರುವ ಆ ದೊಡ್ಡ ಮನುಷ್ಯ, ಮೂವರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಬೀಗತಿ ತಾಯಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ಕಳೆದ ತಿಂಗಳು ನಿನ್ನ ಅತ್ತೆಯ ಬಗ್ಗೆ ನಾನು ಮನಸ್ಸಿನಲ್ಲೇ ಆಡಿಕೊಂಡ ಮಾತು ಪಾಪ ಅವರಿಗೆ ಗೊತ್ತಿಲ್ಲ. ಆದರೂ ನಮಸ್ಕಾರವನ್ನು ಎರಡು ಸಲ ಹೇಳು.

ಕಾಗದ ತಡವಾಯಿತು, ಬೈದುಕೊಳ್ಳಬೇಡ. ಎಲ್ಲ ವಿವರವಾಗಿ ಬರೆಯುತ್ತೇನೆ ಎಂದು ಶಮಂತನಿಗೆ ಹೇಳಿ ಫೋನ್ ಇಟ್ಟವನು, ಆಮೇಲೆ ಪಂಚಮಿಯ ಗದ್ದಲದಲ್ಲಿ ಸಿಕ್ಕಿಬಿದ್ದೆ. ನಿಮ್ಮವ್ವ ಹೋದ ಮೇಲೆ ಇದೇ ಮೊದಲ ಸಲ ಈ ಮನೆಯಲ್ಲಿ ಉಂಡಿ ಕಟ್ಟಿದ್ದು, ಅದೂ ನನ್ನ ಕೈಯಾರೆ. ಶೇಂಗಾ ಉಂಡಿ ಹಸನಾಗಿ ಬಂದಿವೆ. ರವೆ ಉಂಡಿ ಕೈಯಲ್ಲಿ ಕೂಡಲೇ ಇಲ್ಲ, ಡಬ್ಬಿಯಲ್ಲಿ ಹುಡಿಯಾಗಿ ಮಲಗಿವೆ, ಚಮಚೆಯಲ್ಲಿ ತಿನ್ನಬೇಕು. ಎಳ್ಳುಂಡಿಯ ಪಾಕ ಏರಿಬಿಟ್ಟಿತು. ಆಫೀಸಿಗೆ ಒಯ್ದಾಗ ಸ್ವಪ್ನಿಲ್ ಒಂದನ್ನು ಮೇಜಿನ ಮೇಲೆ ಕುಟ್ಟಿ ನೋಡಿ, "ಸರ್, ಹೇ ಟಾವರಚ್ಯಾ ಪಾಯಾತ ಘಾಲೂಯಾ" ಎಂದ. ಇದನ್ನು ಟವರಿನ ಬುನಾದಿಗೆ ಹಾಕೋಣ ಅಂತ. ಸ್ವಪ್ನಿಲ್ ನನ್ನ ಮೇಲಧಿಕಾರಿ, ವಯಸ್ಸಿನಲ್ಲಿ ನಿನ್ನ ಓರಗೆಯವನು. ನನಗೆ ರಜೆ ಕೊಡುವುದೂ ಅವನೇ, ನನ್ನನ್ನು ಸರ್ ಎನ್ನುವುದೂ ಅವನೇ. ಈ ಕಾಗದದ ಜೊತೆ ಶೇಂಗಾ ಉಂಡಿಗಳನ್ನಷ್ಟೇ ಕಳಿಸಿದ್ದೇನೆ. ನಿನ್ನ ಹಲ್ಲು ಹೋದರೆ ಶಮಂತ ನನ್ನನ್ನು ಹಿಡಿಯುತ್ತಾನೆ.

ಊರಿನ ಫೋನುಗಳನ್ನೆಲ್ಲ ಸರಿಮಾಡುವ ಮನುಷ್ಯ ಮಗಳಿಗೆ ಕಾಗದ ಬರೆಯುವುದೇನು ಎಂದು ನೀವಿಬ್ಬರೂ ನಗುತ್ತೀರಿ. ನಗಿರಿ. ಕಾಗದದಲ್ಲಿ ಒಂದು ಸುಖವಿದೆ, ವಾಕ್ಯದ ಬಾಲ ಕತ್ತರಿಸಿ ಬೀಳುವುದಿಲ್ಲ. ನಮ್ಮ ಕನ್ನಡದ ಜೀವವೆಲ್ಲ ಆ ಬಾಲದಲ್ಲೇ ಇದೆ. ಇಂಗ್ಲಿಷಿನವರು ಇಲ್ಲ, ಬೇಡ ಎಂಬುದನ್ನು ಮೊದಲೇ ಹೇಳಿ ಮುಗಿಸುತ್ತಾರೆ. ನಾವು ಮಾತನ್ನೆಲ್ಲ ಮೆರವಣಿಗೆ ಮಾಡಿ, ಹೌದೋ ಅಲ್ಲವೋ ಎಂಬುದನ್ನು ಕೊನೆಯ ಎರಡು ಮೂರು ಅಕ್ಷರಕ್ಕೆ ಉಳಿಸಿಕೊಳ್ಳುತ್ತೇವೆ. ಆ ಅಕ್ಷರಗಳು ದಾರಿಯಲ್ಲಿ ಉದುರಿದರೆ ಏನಾಗುತ್ತದೆ ಎಂಬುದನ್ನು ಜುಲೈ ತಿಂಗಳಿಡೀ ನೀನೂ ಅನುಭವಿಸಿದೆ, ನಾನೂ ಅನುಭವಿಸಿದೆ.

ಅವತ್ತು ನಡೆದದ್ದನ್ನು ನನ್ನ ಕಡೆಯಿಂದ ಕೇಳು. ಜುಲೈ ಆಗಷ್ಟೇ ಹಿಡಿದಿತ್ತು. ಮಧ್ಯಾಹ್ನ ಊಟ ಮುಗಿಸಿ ಆಫೀಸಿನ ಬಾಲ್ಕನಿಯಲ್ಲಿ ನಿಂತಿದ್ದೆ. ನಿನ್ನ ಫೋನ್ ಬಂತು. ಸೀಮಂತದ ಕುಬಸ ಮುಗಿದಿದೆ, ಯಾವ ದಿನ ಹೊರಡುತ್ತೀ ಎಂಬುದನ್ನು ಹೇಳಲು ಮಾಡಿದ್ದೀ ಎಂದುಕೊಂಡೆ. ನನ್ನ ಕಿವಿಗೆ ಬಿದ್ದದ್ದು ಇಷ್ಟು: "ಅಪ್ಪಾ, ನಾ ಹಡಿಯಾಕ ಅಲ್ಲಿಗಿ ಬರಂಗಿಲ್ಲ. ನೀ ಒಬ್ಬನ ಎಷ್ಟಂತ ಮಾಡ್ತಿ? ಅಡಿಗಿ ಮಾಡ್ತೀಯೋ, ಕೂಸಿನ ಬಟ್ಟಿ ಒಗೀತೀಯೋ?"

"ಆತವಾ, ನಿನಗ ಹ್ಯಾಂಗ ಅನುಕೂಲ ಹಾಂಗ ಮಾಡು" ಎಂದು ಹೇಳಿ ಇಟ್ಟುಬಿಟ್ಟೆ.

ಇಟ್ಟ ಮೇಲೆ ಏನಾಯಿತೆಂದು ನಾಚಿಕೆ ಬಿಟ್ಟು ಹೇಳುತ್ತೇನೆ. ಕುರ್ಚಿಗೆ ಬಂದು ಕೂತರೆ ಕಂಪ್ಯೂಟರಿನ ಅಕ್ಷರ ಕಾಣಲಿಲ್ಲ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ನಮ್ಮಲ್ಲಿ ಹೇಳಿಕೊಡುವ ಮಾತೇ ಅಲ್ಲ, ಆಗುತ್ತದೆ ಅಷ್ಟೇ. ಆದರೆ ತವರು ಎಂದರೆ ಎಲ್ಲರ ಬಾಯಲ್ಲೂ ತಾಯಿಯ ಮನೆ. ತಾಯಿ ಇಲ್ಲದಿದ್ದರೆ ಆ ಮನೆಯಲ್ಲಿ ಉಳಿದ ಅಪ್ಪ ಎಂಬ ಪ್ರಾಣಿಯ ಲೆಕ್ಕವೇನು? ಮಗಳೇ ಹೀಗೆ ಯೋಚಿಸಿದಳಲ್ಲ ಎಂದು ಭಾಳ ನೊಂದೆ. ನೋವಾದ ಮೇಲೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಇದೆಲ್ಲ ಬೀಗತಿ ಹೇಳಿಕೊಟ್ಟ ಮಾತೇ ಎಂದು ನಾನೇ ತೀರ್ಮಾನ ಮಾಡಿದೆ. ಆಮೇಲೆ ನೀನು ಫೋನ್ ಮಾಡಿದಾಗಲೆಲ್ಲ "ಹೂಂ", "ಊಟ ಆತು", "ಮಳಿ ಅದ" ಎಂದು ಮೂರೇ ಮಾತಿನಲ್ಲಿ ಮುಗಿಸುತ್ತಿದ್ದೆ. ಆ ಕಡೆ ನೀನು ಅತ್ತುಕೊಂಡು ಕೂತಿದ್ದು ನನಗೇನು ಗೊತ್ತು?

ಇದರ ನಡುವೆ ಹುಲಿಗೆವ್ವನ ಕಾಟ ಬೇರೆ. ಅವಳನ್ನು ನೀನು ನೋಡಿಲ್ಲ. ಲಿಂಗಸುಗೂರಿನ ಕಡೆಯವಳು, ಇಟ್ಟಿಗೆ ಹೊರಲು ಈ ಊರಿಗೆ ಬಂದವಳು, ಈಗ ಮನೆಮನೆಗೆ ಹೋಗಿ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹಾಕುತ್ತಾಳೆ. ಮರಾಠಿ ಮನೆಗಳಲ್ಲಿ ಮಾವಶಿ, ನಮ್ಮವರಲ್ಲಿ ಹುಲಿಗೆವ್ವ. ನಿನ್ನ ಬಾಣಂತನಕ್ಕೆಂದು ಅವಳನ್ನು ಮೊದಲೇ ಗೊತ್ತುಮಾಡಿದ್ದೆ. ನೀನು ಬರುವುದಿಲ್ಲ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಕಂಡಾಗಲೆಲ್ಲ ಕೇಳುವಳು: "ಸಾಹೇಬ್ರ, ತಂಗಿ ಯಾವತ್ತು ಬರ್ತಾಳ್ರಿ?" ನಾನು "ಬರ್ತಾಳ, ಬರ್ತಾಳ" ಎನ್ನುವೆ. ಅಷ್ಟಕ್ಕೇ ಬಿಡುವವಳಲ್ಲ ಅವಳು. ಬಾಣಂತಿಗೆ ನೀರು ಕಾಯಿಸಲು ಗೀಜರ್ ನಡೆಯುವುದಿಲ್ಲವಂತೆ, ತಾಮ್ರದ ಹಂಡೆಯೇ ಬೇಕಂತೆ. ನಮ್ಮ ಅಟ್ಟದ ಮೇಲಿದ್ದ ಹಂಡೆಯನ್ನು ನನ್ನಿಂದಲೇ ಇಳಿಸಿಕೊಂಡು, ತಿಕ್ಕಿ ಬೆಳಗಿ ತರುತ್ತೇನೆ ಎಂದು ತನ್ನ ಓಣಿಗೆ ಒಯ್ದಳು. ಬಾರದ ಮಗಳಿಗಾಗಿ ಹಂಡೆ ಹೊತ್ತು ಕೊಟ್ಟ ನನ್ನ ಮುಖವನ್ನು ನೀನು ನೋಡಬೇಕಿತ್ತು.

ಆಮೇಲೆ ಶಮಂತ ಫೋನ್ ಮಾಡಿದ. ಪುಣ್ಯಾತ್ಮ, ಅವನ ದನಿ ಗುಂಡುಕಲ್ಲು ಉರುಳಿಸಿದ ಹಾಗೆ, ಒಂದಕ್ಷರವೂ ತಪ್ಪುವುದಿಲ್ಲ. "ಮಾವ, ಏನಾಗಿದೆ ನಿಮಗೆ? ಇವ್ಳು ದಿನಾ ಅಳ್ತಾ ಕೂತಿರ್ತಾಳೆ" ಎಂದ. ಬರುವುದಿಲ್ಲ ಎಂದವಳು ಅವಳು, ಅಳುವುದೂ ಅವಳೇನಾ ಎಂದು ಕೇಳಿದೆ. ಅವನು ಹೇಳಿದ: "ಯಾರು ಹೇಳಿದ್ದು ಬರಲ್ಲ ಅಂತ? ನಾನು ಪಕ್ಕದಲ್ಲೇ ಕೂತಿದ್ದೆ ಮಾವ. 'ಬರಂಗಿಲ್ಲ ಅಂತಲ್ಲ' ಅಂದ್ಲು. ಬರೋದೇನೋ ಬರ್ತೀನಿ, ಆದ್ರೆ ಅಪ್ಪಂಗೆ ಕಷ್ಟ ಆಗುತ್ತೆ ಅಂತ ಅವಳಿಗೆ ಯೋಚನೆ."

ಅಂತಲ್ಲ. ಅಷ್ಟೇ ಸಪ್ನಾ, ಅಷ್ಟೇ ಅಕ್ಷರ. ಅದು ಬಿದ್ದುಹೋದದ್ದಕ್ಕೆ ನನಗೆ ತಿಂಗಳಿಡೀ ತವರಿಗೆ ಬಾರದ ಮಗಳು, ನಿನಗೆ ಮಾತಾಡದ ಅಪ್ಪ. ಶಮಂತ ಇಟ್ಟ ಮೇಲೆ ನಾನು ಬಾಲ್ಕನಿಯಲ್ಲಿ ನಿಂತು ಒಬ್ಬನೇ ನಕ್ಕೆ. ಪಕ್ಕದ ಆಫೀಸಿನವರು ನೋಡಿದರು, ನೋಡಲಿ ಎಂದು ಇನ್ನೊಮ್ಮೆ ನಕ್ಕೆ. ಮಗಳು ಬರುತ್ತಾಳೆ ಎಂಬ ಸುದ್ದಿಗಿಂತ ದೊಡ್ಡ ಸುದ್ದಿ ಈ ಮನೆಗೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ನಕ್ಕು ಮುಗಿದ ಮೇಲೆ ನನ್ನೊಳಗಿನ ಇಂಜಿನಿಯರ್ ಎದ್ದು ಕೂತ. ನೀನು ಆಡಿದ ಮಾತು ತುಮಕೂರಿನಿಂದ ಹೊರಟದ್ದು ನಿಜ. ಶಮಂತ ಸಾಕ್ಷಿ. ಹಾಗಾದರೆ ದಾರಿಯಲ್ಲಿ ಕದ್ದವರಾರು? ಯಾರದಾದರೂ ಮಾತಾಗಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ನನ್ನ ಮಗಳ ಮಾತು, ನನ್ನದೇ ನೆಟ್‌ವರ್ಕ್. ಕಳ್ಳನನ್ನು ಹಿಡಿಯದೆ ಬಿಡುವುದಿಲ್ಲ ಎಂದು ಸ್ವಪ್ನಿಲನಿಗೆ ಹೇಳಿಬಿಟ್ಟೆ.

ಯಾರಾದರೂ ಕೇಳಿದರೆ ನೀನು "ನಮ್ಮ ಅಪ್ಪ ಟವರಿನಾಗ ಅದಾರ" ಎನ್ನುತ್ತೀ, ನಾನೇನೋ ಕಾಗೆಯ ಹಾಗೆ ಅದರ ತುದಿಯಲ್ಲಿ ಕೂತಿರುತ್ತೇನೆ ಎಂಬಂತೆ. ನನ್ನ ಕೆಲಸ ಏನೆಂದು ಇವತ್ತು ಸಾವಧಾನವಾಗಿ ಓದು. ಮೊಮ್ಮಗ ಕೇಳಿದರೆ ಹೇಳಲು ಬೇಕಾಗುತ್ತದೆ.

ಒಂದು ಟವರಿನ ಸುತ್ತ ನೂರಾರು ಫೋನುಗಳಿರುತ್ತವೆ. ಎಲ್ಲವೂ ಒಟ್ಟಿಗೆ ಬಾಯಿ ತೆರೆದರೆ ಯಾರ ಮಾತೂ ತಿಳಿಯುವುದಿಲ್ಲ. ಅದಕ್ಕೆ ಟವರ್ ಪ್ರತಿಯೊಂದಕ್ಕೂ ಒಂದು ಪಾಲು ಫ್ರೀಕ್ವೆನ್ಸಿ, ಒಂದು ಚಿಟಿಕೆ ಹೊತ್ತು ಹಂಚಿಕೊಡುತ್ತದೆ. ನಿನ್ನ ಸರದಿಯಲ್ಲಿ ನೀನು, ನನ್ನ ಸರದಿಯಲ್ಲಿ ನಾನು. ಇದರಲ್ಲಿ ಒಂದು ತೊಡಕಿದೆ. ರೇಡಿಯೋ ಅಲೆ ಎಷ್ಟೇ ವೇಗದ್ದಾದರೂ ದಾರಿ ನಡೆಯಲು ಅದಕ್ಕೂ ಹೊತ್ತು ಹಿಡಿಯುತ್ತದೆ. ಸೆಕೆಂಡನ್ನು ಹತ್ತು ಲಕ್ಷ ಹೋಳು ಮಾಡಿದರೆ ಅದರ ಒಂದು ಹೋಳಿನಲ್ಲಿ ಅದು ಹೋಗುವುದು ಮುನ್ನೂರು ಮೀಟರ್ ಮಾತ್ರ. ಟವರಿನ ಬುಡದಲ್ಲೇ ನಿಂತವನ ಮಾತು ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ. ಆಚೆ ಹೊಲದಲ್ಲಿ ನಿಂತವನದು ತಡವಾಗಿ ಬಂದು ಮುಂದಿನವನ ಸರದಿಯೊಳಗೆ ಕಾಲು ಹಾಕುತ್ತದೆ. ಹಾಗಾಗದಿರಲಿ ಎಂದು ಟವರ್ ದೂರದ ಫೋನಿಗೆ ಹೇಳುತ್ತದೆ: ನೀನು ದೂರ ಇದ್ದೀ, ನಿನ್ನ ಹೊತ್ತಿಗಿಂತ ಇಷ್ಟು ಮೊದಲೇ ಶುರುಮಾಡು. ದೂರ ಹೆಚ್ಚಿದಷ್ಟೂ ಮೊದಲು. ನಡೆಯುತ್ತ ಹತ್ತಿರ ಬಂದರೆ ಅದನ್ನೂ ಗಮನಿಸಿ ತಿದ್ದುತ್ತದೆ. ಹೀಗಾಗಿ ದೂರದವನೂ ಹತ್ತಿರದವನೂ ತಂತಮ್ಮ ಹೊತ್ತಿಗೆ ಸರಿಯಾಗಿ ಬಂದು ಮುಟ್ಟುತ್ತಾರೆ.

ಇದನ್ನು ಬರೆಯುತ್ತಿರುವಾ‌ಗಲೇ ನನಗೊಂದು ಮಾತು ಹೊಳೆಯಿತು. ತುಮಕೂರು ದೂರ. ದೂರದವರು ಮೊದಲೇ ಹೊರಡಬೇಕು, ಇದು ನನ್ನ ಮಾತಲ್ಲ, ಶಾಸ್ತ್ರದ ಮಾತು. ಇನ್ನೂ ಸಮಯ ಅದ ಎಂದು ಕೂರಬೇಡ. ಡಾಕ್ಟರ್ ಹೂಂ ಎಂದ ಕೂಡಲೇ ರೈಲಿನಲ್ಲಿ ಕೆಳಗಿನ ಬರ್ತ್ ಹಿಡಿದು ಶಮಂತನ ಜೊತೆ ಬಂದುಬಿಡು. ಬಸ್ಸಿನ ಮಾತೇ ಬೇಡ. ಕಾತ್ರಜದ ಘಾಟಿನ ತಿರುವುಗಳು ನನ್ನಂಥವನ ಹೊಟ್ಟೆಯನ್ನೇ ಕಲಕುತ್ತವೆ.

ಈಗ ಕಳ್ಳನ ಕಥೆಗೆ ಬರುತ್ತೇನೆ. ಮೇಲೆ ಹೇಳಿದ್ದು ಒಂದು ಟವರಿನ ಸಂಸಾರ. ಟವರುಗಳ ನಡುವೆಯೂ ಒಂದು ಒಪ್ಪಂದ ಬೇಕು. ಈಗಿನ ಎಷ್ಟೋ ಟವರುಗಳಲ್ಲಿ ಮಾತಾಡುವುದೂ ಕೇಳುವುದೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಸರದಿಯ ಮೇಲೆ. ಊರಿನ ಅಂಥ ಟವರುಗಳೆಲ್ಲ ಒಂದೇ ಕ್ಷಣಕ್ಕೆ ಮಾತಾಡಬೇಕು, ಒಂದೇ ಕ್ಷಣಕ್ಕೆ ಬಾಯಿ ಮುಚ್ಚಿ ಫೋನುಗಳಿಗೆ ಕಿವಿಗೊಡಬೇಕು. ಒಂದರ ಗಡಿಯಾರ ಕೂದಲಷ್ಟು ಜಾರಿದರೂ ಸಾಕು, ಉಳಿದವು ಕೇಳುವ ಹೊತ್ತಿಗೆ ಅದು ಒದರುತ್ತಿರುತ್ತದೆ. ಫೋನಿನ ದನಿ ಎಷ್ಟು ಸಣ್ಣದು, ಅದರೊಳಗೆ ಮುಳುಗಿಹೋಗುತ್ತದೆ. ಆ ಟವರಿನ ಫೋನುಗಳೂ ತಪ್ಪು ಹೊತ್ತಿಗೆ ಬಾಯಿ ತೆರೆದು, ಪಕ್ಕದ ಫೋನಿಗೆ ಬರುತ್ತಿರುವ ಮಾತನ್ನೂ ಕೆಡಿಸುತ್ತವೆ. ಮಾತಿನ ಚೂರುಗಳು ಬೀಳುತ್ತವೆ, ಫೋನು ಆ ತೂತುಗಳನ್ನು ಸದ್ದಿಲ್ಲದೆ ಮುಚ್ಚಿ ಮುಂದೆ ಹೋಗುತ್ತದೆ. ಕೇಳುವವನಿಗೆ ಏನೋ ಬಿದ್ದಿದೆ ಎಂಬುದೇ ತಿಳಿಯುವುದಿಲ್ಲ. ಟವರುಗಳಿಗೆ ಹೊತ್ತು ಹೇಳುವುದು ಆಕಾಶದಲ್ಲಿ ತಿರುಗುವ ಉಪಗ್ರಹಗಳು. ಅದನ್ನು ಕೇಳಲು ಪ್ರತಿ ಟವರಿನ ಹತ್ತಿರ ಗಿಡ್ಡ ಕಂಬದ ಮೇಲೆ ಬಿಳಿ ಅಣಬೆಯಂಥ ಒಂದು ಆಂಟೆನಾ ಇರುತ್ತದೆ. ಆ ಅಣಬೆಗಳ ಯೋಗಕ್ಷೇಮ ನೋಡುವವನೇ ನಿನ್ನ ಅಪ್ಪ.

ಹುಡುಕಿದರೆ, ನಮ್ಮ ಯೆರವಡಾದಲ್ಲೇ, ಆಫೀಸಿನ ಹತ್ತಿರವೇ ಒಂದು ಟವರ್ ಆಕಾಶದ ಸಂಪರ್ಕ ಕಳೆದುಕೊಂಡು ತನ್ನ ಸ್ವಂತ ಗಡಿಯಾರದ ಮೇಲೆ ಹೇಗೋ ದಿನ ದೂಡುತ್ತಿದೆ. ಮಳೆಗಾಲದಲ್ಲಿ ದಿನಕ್ಕೆ ಸಾವಿರ ಅಲಾರಂ ಬರುತ್ತವೆ, ಇದರ ಕೂಗು ಆ ಗದ್ದಲದಲ್ಲಿ ಹೂತುಹೋಗಿತ್ತು. ಸಿಕ್ಕಿದನಲ್ಲ ಎಂದು ಸ್ವಪ್ನಿಲನನ್ನೂ ಎಳೆದುಕೊಂಡು ಹೋದೆ. ನಾಲ್ಕಂತಸ್ತಿನ ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ಏದುಸಿರು ಬಿಡುತ್ತ ಮಾಳಿಗೆ ಹತ್ತಿದೆವು. ಕಂಬ ಇದೆ, ಅಣಬೆ ಇಲ್ಲ. ಅಣಬೆ ಇರಬೇಕಾದ ಜಾಗದಲ್ಲಿ ತಳ ಮೇಲೆ ಮಾಡಿಕೊಂಡು, ಬಿಸಿಲಿಗೆ ಥಳಥಳ ಹೊಳೆಯುತ್ತ, ನಮ್ಮ ಮನೆಯ ತಾಮ್ರದ ಹಂಡೆ ಕೂತಿದೆ.

ಸ್ವಪ್ನಿಲ್ ಬಾಯಿ ತೆರೆದವನು ಮುಚ್ಚಲಿಲ್ಲ. ನಾನು ಹಂಡೆಯ ಕಂಠದ ಮೇಲಿನ ನಿಮ್ಮವ್ವನ ಹೆಸರು ಓದಿದೆ, ಸಂಶಯವೇ ಉಳಿಯಲಿಲ್ಲ. ಅಷ್ಟರಲ್ಲಿ ನೀರಿನ ಟಾಕಿಯ ಹಿಂದಿನಿಂದ ಹುಲಿಗೆವ್ವ ಬಂದಳು. ಅವಳ ಓಣಿ ಪಕ್ಕದಲ್ಲೇ, ಟಾಕಿಯ ನಲ್ಲಿಯಲ್ಲಿ ಪಾತ್ರೆ ತೊಳೆಯಲು ಈ ಮಾಳಿಗೆಗೇ ಬರುತ್ತಾಳಂತೆ.

"ಏನ್ರಿ ಸಾಹೇಬ್ರ, ಹಂಡೇ ಒಯ್ಯಾಕ ನೀವ ಬಂದ್ರೇನು?"

"ಇದನ್ನ ಇಲ್ಲಿ ಯಾಕ ಹಾಕೀ ಹುಲಿಗೆವ್ವಾ?"

"ಏಕಾದಶಿ ದಿನ ಹುಣಸಿಹಣ್ಣ ಹಚ್ಚಿ ತಿಕ್ಕೀನ್ರಿ. ನೆಲಕ್ಕ ಇಟ್ರ ಹುಡುಗ್ರು ಒದ್ದು ಉಳ್ಳಾಡಸ್ತಾವ, ಪಾರಿವಾಳ ಹೇತು ಹೋಗ್ತಾವ. ಇಲ್ಲಿ ಯಾರದೋ ಬಿಳೀ ಗುಂಡಿನ ಕಂಬ ಖಾಲಿ ನಿಂತಿತ್ತು. ಅದಕ್ಕ ತೊಡಿಸೀನಿ. ಹಂಡೇದ ಅಳತೀಗೇ ಮಾಡಿಸಿದಂಗ ಅದ."

ಅದು ಆಕಾಶದಿಂದ ಹೊತ್ತು ಕೇಳುವ ಯಂತ್ರ, ತಾಮ್ರದಿಂದ ಮುಚ್ಚಿದರೆ ಅದಕ್ಕೆ ಏನೂ ಕೇಳಿಸುವುದಿಲ್ಲ ಎಂದು ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಮ್ಮಿಬ್ಬರನ್ನೂ ನೋಡಿದಳು. "ಹೊತ್ತು ಗೊತ್ತಾಗಾಕ ಸೂರ್ಯಾ ಇಲ್ಲೇನ್ರಿ ನಿಮಗ? ಆತು, ತಗೋರ್ರಿ. ಆದ್ರ ತಂಗೀಗೆ ನೀರು ಮಾತ್ರ ಇದರಾಗ ಕಾಸ್ತೀನಿ." ಸ್ವಪ್ನಿಲನಿಗೆ ಎಲ್ಲ ಅನುವಾದಿಸಿ ಹೇಳಿದೆ. ಅವನು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ವರದಿಯಲ್ಲಿ ಕಾರಣ ಏನೆಂದು ಬರೆಯಲಿ ಎಂಬುದೇ ಅವನಿಗೆ ಚಿಂತೆ. ಕೊನೆಗೆ 'ಗೃಹಬಳಕೆಯ ವಸ್ತುವಿನಿಂದ ಅಡಚಣೆ' ಎಂದು ಬರೆದ. ಹಂಡೆಯನ್ನು ಹೆಗಲ ಮೇಲೆ ಹೊತ್ತು ನಾಲ್ಕು ಮಹಡಿ ಇಳಿಸಿದವನೂ ಅವನೇ. ಆ ಓಣಿಯಲ್ಲಿ ಈಗ ಎಲ್ಲರ ಮಾತೂ ಪೂರ್ತಿ ಕೇಳಿಸುತ್ತದಂತೆ.

ಇಲ್ಲಿಗೆ ನಿಲ್ಲಿಸಿ ಅನ್ನಕ್ಕಿಟ್ಟು ಬಂದೆ. ಈಗ ಮನೆಯ ಸುದ್ದಿ ಬರೆಯುತ್ತೇನೆ. ನಿನ್ನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಶಮಂತನ ಜೊತೆ ನೀನು ದಿನಾ ವಿಡಿಯೋ ಕಾಲ್ ಮಾಡುವವಳು, ಅದಕ್ಕೆ ಪರೀಕ್ಷೆಯ ಫೋನು ಹಿಡಿದು ಮನೆಯ ಮೂಲೆ ಮೂಲೆಯಲ್ಲೂ ಸಿಗ್ನಲ್ ಅಳೆದೆ. ಫ್ರೀಕ್ವೆನ್ಸಿಯ ಸ್ವಭಾವ ವಿಚಿತ್ರ. ಕೆಳಗಿನದು ದೂರ ಹೋಗುತ್ತದೆ, ಗೋಡೆ ಹಾಯ್ದು ಒಳಗೂ ಬರುತ್ತದೆ, ಆದರೆ ಹೊರೆ ಹೆಚ್ಚು ಹೊರುವುದಿಲ್ಲ. ಮೇಲಿನದು ಗಾಡಿಗಟ್ಟಲೆ ಹೊತ್ತು ತರುತ್ತದೆ, ಆದರೆ ಒಂದು ಗೋಡೆ, ಒಂದು ಬೇವಿನ ಮರ ಅಡ್ಡ ಬಂದರೆ ಸೊರಗುತ್ತದೆ. ಗಣಪತಿಗೆಂದು ನದಿಯ ಕಡೆ ಢೋಲ್-ತಾಶಾದವರ ತಾಲೀಮು ಶುರುವಾಗಿದೆಯಲ್ಲ, ಅದೇ ಲೆಕ್ಕ. ಢೋಲಿನ ಗುಡುಗು ಮುಚ್ಚಿದ ಮನೆಯೊಳಗೂ ಬಂದು ತಾಟು ವಾಟಿ ನಡುಗಿಸುತ್ತದೆ. ತಾಶಾ ಎಂಬ ಸಣ್ಣ ತಮಟೆಯ ಕಟಕಟ ಕಿಟಕಿ ತೆರೆದರೆ ಮಾತ್ರ. ನನಗೆ ತೆರೆದರೂ ಕೇಳಿಸಲಿಲ್ಲ, ಈ ವರ್ಷ ಇನ್ನೂ ಆಚೆ ಕೂತಿದ್ದಾರೋ ಏನೋ. ಇರಲಿ. ಒಳಗೋಡೆಯ ಪಕ್ಕ ಇದ್ದ ಮಂಚವನ್ನು ಕಿಟಕಿಯ ಹತ್ತಿರ ಸರಿಸಿದ್ದೇನೆ. ಅಲ್ಲಿ ಮಲಗಿದರೆ ಶಮಂತನ ಮುಖ ಚೂರಾಗದೆ ಪೂರ್ತಿ ಬರುತ್ತದೆ.

ಅಡುಗೆಯ ಬಗ್ಗೆ ನೀನು ಹೆದರಬೇಡ. ಅಂಟಿನ ಉಂಡಿ, ಅಳವಿ ಪಾಯಸ, ಮೆಣಸಿನ ಸಾರು ಎಲ್ಲ ಹುಲಿಗೆವ್ವನ ಮುಂದೆ ಮಾಡಿ ತೋರಿಸಿ ಪಾಸಾಗಿದ್ದೇನೆ. ಅಳವಿಯಲ್ಲಿ ಮಾತ್ರ, "ಸಾಹೇಬ್ರ, ಇದು ಪಾಯಸಾ ಅಲ್ರಿ, ಗೋಂದು" ಎಂದಳು, ಮರುದಿನ ಸರಿಮಾಡಿದೆ. ಕೂಸಿನ ಬಟ್ಟೆ ಒಗೆಯುವುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ನಿನ್ನವನ್ನು ಒಗೆದವನು ಯಾರು? ನಿಮ್ಮವ್ವನಿಗೆ ಆಗ ನೀರು ಮುಟ್ಟಿದರೆ ಥಂಡಿ ಆಗುತ್ತಿತ್ತು. ಬೀಗತಿಯೂ ಒಂದೆರಡು ವಾರ ಬಂದು ಇರಲಿ, ಮನಸ್ಸಿನಿಂದ ಕರೆಯುತ್ತಿದ್ದೇನೆ. ಅವರ ಕೈಯ ಮುದ್ದೆ ತಿನ್ನಲು ನಾನು ತಯಾರು, ನನ್ನ ರೊಟ್ಟಿ ತಿನ್ನಲು ಅವರು ತಯಾರಿದ್ದರೆ ಆಯಿತು.

ನಿನ್ನ ಆ ಪ್ರಶ್ನೆಗೆ, ಒಬ್ಬನೇ ಎಷ್ಟಂತ ಮಾಡುತ್ತೀ ಎಂಬುದಕ್ಕೆ, ಇದು ನನ್ನ ಉತ್ತರ. ಎಷ್ಟಾದರೂ ಮಾಡುತ್ತೇನೆ. ಮಾಡಲು ಸಿಕ್ಕಿತಲ್ಲ ಎಂದು ಸಂತೋಷವಾಗಿದೆ. ನೀನು ಹೊಸ್ತಿಲು ದಾಟಿ ಒಳಗೆ ಬಂದು ಚಪ್ಪಲಿ ಎಲ್ಲೆಂದರಲ್ಲಿ ಬಿಟ್ಟು, "ಅಪ್ಪಾ, ಹಸಿವಿ" ಎಂದರೆ ಸಾಕು, ನನ್ನ ಈ ವರ್ಷದ ಹಬ್ಬಗಳೆಲ್ಲ ಮುಗಿದ ಹಾಗೆ.

ಎಡಮಗ್ಗುಲಿಗೆ ಮಲಗು. ಮೆಟ್ಟಿಲು ಮೆಲ್ಲಗೆ ಇಳಿ. ಸುಖವಾಗಿ ಹಡೆ, ನೀನೂ ನಿನ್ನ ಕೂಸೂ ನೂರು ಕಾಲ ನಗುತ್ತ ಬಾಳಿ. ಶಮಂತನಿಗೆ ನನ್ನ ಆಶೀರ್ವಾದ.

ನಿನ್ನ ದಾರಿ ನೋಡುತ್ತಿರುವ,
ಅಪ್ಪ
ಮನೋಹರ

ತಾ. ಕ.: ಕಾಗದ ಮಡಚಿ ಲಕೋಟೆಗೆ ಹಾಕಿದವನು ಮತ್ತೆ ತೆಗೆದೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿ ಹೇಳಲಿಲ್ಲ. ಹುಲಿಗೆವ್ವ ಹಂಡೆ ಬೋರಲು ಹಾಕಿದ್ದು ಏಕಾದಶಿಯ ದಿನ. ನೀನು ಫೋನ್ ಮಾಡಿದ್ದು ಅದಕ್ಕಿಂತ ಮೊದಲು. ಅವತ್ತು ಆ ಟವರ್ ನೆಟ್ಟಗಿತ್ತು, ಅದರ ಗಡಿಯಾರ ನೆಟ್ಟಗಿತ್ತು.

ನನ್ನ ಫೋನು ಬಂದ ಕರೆಗಳನ್ನೆಲ್ಲ ತಾನೇ ರೆಕಾರ್ಡ್ ಮಾಡಿಕೊಳ್ಳುತ್ತದೆ, ಕೆಲಸಕ್ಕೆಂದು ಇಟ್ಟ ಅಭ್ಯಾಸ. ನಿನ್ನ ಆ ಕರೆಯನ್ನು ಹಾಕಿ ಮತ್ತೆ ಮತ್ತೆ ಕೇಳಿದೆ. ಆ ಮಾತು ಇಲ್ಲ. ನೋಡು, ಬಿದ್ದುಹೋದದ್ದಕ್ಕೆ ಪುರಾವೆ ಎಂದು ಸ್ವಪ್ನಿಲನಿಗೆ ಕೊಟ್ಟೆ. ಅವನು ಒಮ್ಮೆ ಕೇಳಿ, "ನಾಹೀ ಸರ್, ಆಹೇ ನಾ. ಬರಂಗಿಲ್ಲ ಅಂತಲ್ಲ" ಎಂದ. ಇದೆಯಲ್ಲ ಸರ್ ಅಂತ. ಕನ್ನಡದ ಒಂದಕ್ಷರ ತಿಳಿಯದ ಹುಡುಗ, ನೀನು ಹೇಳಿದ ಹಾಗೆಯೇ ಸ್ವಚ್ಛವಾಗಿ ಹೇಳಿದ. ನಾನು ಇನ್ನೊಮ್ಮೆ ಕಿವಿಗೆ ಹಚ್ಚಿಕೊಂಡೆ. ನನಗೆ ಇಲ್ಲ.

ನಿನ್ನೆ ಕಿವಿಯ ಡಾಕ್ಟರ ಹತ್ತಿರ ಹೋಗಿದ್ದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಮೊದಲು ದಪ್ಪ ಸದ್ದುಗಳು ಬಂದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಬಹಳ ಹೊತ್ತು ಕಾದೆ. ವೈರು ಕಳಚಿರಬೇಕು ಎಂದು ಬಾಗಿಲು ತೆರೆದು, ಯಂತ್ರ ನಿಂತಿದೆ ಎಂದು ಆ ಹುಡುಗಿಗೆ ಹೇಳಿದೆ. ಅವಳು ಮೆತ್ತಗೆ, "ಕಾಕಾ, ಮಶೀನ್ ಚಾಲೂ ಆಹೇ. ಆವಾಜ ಯೇತೋಯ" ಎಂದಳು. ಯಂತ್ರ ನಡೆಯುತ್ತಿದೆ, ಸದ್ದು ಬರುತ್ತಿದೆ ಅಂತ. ಬಾಗಿಲು ಹಾಕಿಕೊಂಡು ಹೋಗಿ ಮತ್ತೆ ಕೂತೆ.

ದಪ್ಪ ದನಿ ಉಳಿದಿದೆ, ಸಣ್ಣ ದನಿ ಹೋಗುತ್ತಿದೆ, ಅದರಲ್ಲೂ ಮೆಲ್ಲಗೆ ಆಡಿದ್ದು. ಶಮಂತನ ಮಾತು ಕೇಳಿಸುತ್ತದೆ, ನಿನ್ನದು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೇ ಈಗೀಗ ಫೋನ್ ಅವನ ಕೈಗೆ ಕೊಡು ಎನ್ನುವುದು. ಅದಕ್ಕೇ ಈ ಕಾಗದ. ನಿನ್ನ ದನಿ ನಿಮ್ಮವ್ವನ ದನಿ, ಸಪ್ನಾ. ಅವಳು ಹೋದ ಮೇಲೂ ನೀನು ಫೋನ್ ಮಾಡಿದಾಗಲೆಲ್ಲ ಆ ದನಿ ಈ ಮನೆಗೆ ಬರುತ್ತಿತ್ತು. ಅದೂ ಹೋಗುತ್ತಿದೆ ಎಂದು ಸಂಕಟವಾಗುತ್ತದೆ. ಟವರಿನದೇ ತಪ್ಪಾಗಿರಲಿ ಎಂದು ಎಷ್ಟು ಹಂಬಲಿಸಿದೆನೋ.

ಇದನ್ನು ಮುಚ್ಚಿಟ್ಟು ನಿನ್ನನ್ನು ಕರೆಸಿಕೊಳ್ಳಬಾರದು ಎಂದು ಬರೆದಿದ್ದೇನೆ. ಓದಿ, ಯೋಚಿಸಿ, ಆಮೇಲೆ ಹೊರಡು. ಕಿವಿಗೆ ಯಂತ್ರ ಕೊಡುತ್ತಾರಂತೆ, ಆದರೆ ಮಲಗುವಾಗ ತೆಗೆದಿಡಬೇಕಂತೆ. ನಾನು ನಿನ್ನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಹಾಸಿಗೆ ಹಾಸಿಕೊಳ್ಳುತ್ತೇನೆ. ಕರೆದರೆ ಏಳದಿದ್ದರೆ ಬಗ್ಗಿ ಅಲುಗಾಡಿಸಲು ಹೋಗಬೇಡ, ಹಸಿ ಬಾಣಂತಿ ಬಗ್ಗಬಾರದು. ಕಾಲಿನಿಂದ ಒದ್ದು ಎಬ್ಬಿಸು. ಅಪ್ಪನಿಗೆ ಕಾಲು ತಾಗಿತಲ್ಲ ಎಂದು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತ ನಿಂತುಬಿಡಬೇಡ, ಕೂಸು ಅಳುತ್ತಿರುತ್ತದೆ.